ಎರಡು ಸೀಟು, ಒಂದು ಅಂಕಪಟ್ಟಿ

2019ರ ಜುಲೈ ತಿಂಗಳು. ಭದ್ರಾ ಅಣೆಕಟ್ಟೆಯ ಕಡೆಯಿಂದ ಮೋಡ ಕವಿದುಕೊಂಡು, ಶಂಕರಘಟ್ಟದ ನಮ್ಮ ಮನೆಯಲ್ಲಿ ಮೂರು ದಿನದಿಂದ ಬಟ್ಟೆ ಒಣಗಿರಲಿಲ್ಲ. ನಡುಮನೆಯ ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು, ನನ್ನ ಮಗಳಿಗೆ ಬೀದರಿನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿದೆ ಎನ್ನುವುದು. ಇನ್ನೊಂದು, ಕಾರೈಕಾಲಿನ ಜಿಪ್ಮರ್ ಶಾಖೆಯದು. ಆಗ ಜಿಪ್ಮರ್‌ಗೆ ಪ್ರತ್ಯೇಕ ಪ್ರವೇಶ ಪರೀಕ್ಷೆಯಿತ್ತು. ಆ ಪರೀಕ್ಷೆಗೆ ಅದೇ ಕೊನೆಯ ವರ್ಷ. ನೀಟ್‌ನಲ್ಲಿ ಭೌತಶಾಸ್ತ್ರ ಕೈಕೊಟ್ಟಿದ್ದರಿಂದ ಶಿವಮೊಗ್ಗದ ಕಾಲೇಜು ಸಿಗಲಿಲ್ಲ. ಜಿಪ್ಮರ್ ಪರೀಕ್ಷೆ ಚೆನ್ನಾಗಿ ಆಗಿತ್ತು.

"ಎರಡೆರಡು ಸೀಟು ಬಂದಿದೆ, ಮುಖ ಯಾಕೆ ಹೀಗೆ ಮಾಡ್ಕೊಂಡಿದೀರಿ ಟೀಚರ್?" ಎಂದರು ಪಕ್ಕದ ಮನೆಯಾಕೆ. ಅವರಿಗೇನು ಗೊತ್ತು? ಸೀಟು ಎರಡಿದ್ದರೂ ಮೂಲ ಅಂಕಪಟ್ಟಿ ಒಂದೇ. ಅದನ್ನು ಒಂದು ಕಾಲೇಜಿಗೆ ಒಪ್ಪಿಸಿದರೆ ಇನ್ನೊಂದರ ಬಾಗಿಲು ಮುಚ್ಚಿದಂತೆಯೇ. ಬೀದರ್ ನಮ್ಮ ರಾಜ್ಯದ ಉತ್ತರದ ತುದಿ. ಕಾರೈಕಾಲ್ ತಮಿಳುನಾಡಿನ ನಡುವೆ ಸಮುದ್ರಕ್ಕೆ ಅಂಟಿಕೊಂಡಿರುವ ಪುದುಚೇರಿಯ ತುಂಡು. ಯಾವುದಕ್ಕೆ ಹೊರಟರೂ ಒಂದು ಹಗಲು, ಒಂದು ರಾತ್ರಿ ಕೈಬಿಟ್ಟ ಹಾಗೇ. ಹತ್ತಿರದ್ದು ಯಾವುದು ಎಂದು ನೋಡಿ ತೀರ್ಮಾನಿಸುವಂತೆಯೂ ಇರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಮನಸ್ಸು ಕದಡಿದಾಗ ಇತಿಹಾಸದ ಪುಸ್ತಕ ತೆರೆಯುವುದು ನನ್ನ ಹಳೆಯ ಚಟ. ಆ ರಾತ್ರಿ ನೆನಪಾದವಳು ಆನಂದಿಬಾಯಿ ಜೋಶಿ. 1865ರಲ್ಲಿ ಹುಟ್ಟಿ, ಒಂಬತ್ತು ವರ್ಷಕ್ಕೆ ಮದುವೆಯಾಗಿ, ಹದಿನಾಲ್ಕಕ್ಕೆ ಹೆತ್ತ ಕೂಸನ್ನು ಹತ್ತೇ ದಿನದಲ್ಲಿ ಕಳೆದುಕೊಂಡ ಹುಡುಗಿ. ಅವಳ ಮುಂದೆಯೂ ಎರಡು ಹಾದಿಗಳಿದ್ದವು ಎನ್ನುವುದನ್ನು ನಾವು ಮರೆಯುತ್ತೇವೆ. ಮದರಾಸಿನ ವೈದ್ಯಕೀಯ ಕಾಲೇಜು 1875ರಲ್ಲೇ ಹೆಂಗಸರನ್ನು ಸೇರಿಸಿಕೊಂಡಿತ್ತು. ಹಾಗಿದ್ದೂ ಕಡಲು ದಾಟಿ ಅಮೆರಿಕಕ್ಕೇ ಏಕೆ ಹೋಗಬೇಕು ಎಂದು ಜನ ಕೇಳಿದರು. 1883ರಲ್ಲಿ ಬಂಗಾಳದ ಸೆರಾಂಪುರದಲ್ಲಿ ತುಂಬಿದ ಸಭೆಯೆದುರು ಎದ್ದು ನಿಂತು ಅವಳು ಉತ್ತರ ಕೊಟ್ಟಳು. ಇಲ್ಲಿ ಹೆಂಗಸರಿಗೆ ಸಿಗುವ ವೈದ್ಯಶಿಕ್ಷಣ ಅರೆಬರೆ, ಕಲಿಸುವವರಿಗೂ ಪೂರ್ತಿ ಮನಸ್ಸಿಲ್ಲ ಎಂಬುದು ಅದರ ಸಾರಾಂಶ. ಆ ಏಪ್ರಿಲ್‌ನಲ್ಲೇ ಗಂಡನನ್ನು ಇಲ್ಲಿಯೇ ಬಿಟ್ಟು ಹಡಗು ಹತ್ತಿದಳು. 1886ರಲ್ಲಿ ಫಿಲಡೆಲ್ಫಿಯದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಎಂ.ಡಿ. ಪಡೆದಳು. ನಮ್ಮ ಬೆಳಗಾವಿಗೆ ನೆರೆಯೂರಾದ ಕೊಲ್ಹಾಪುರದ ಆಸ್ಪತ್ರೆಯಲ್ಲಿ ಹೆಂಗಸರ ವಿಭಾಗ ನೋಡಿಕೊಳ್ಳುವ ಕೆಲಸ ಅವಳಿಗಾಗಿ ಕಾದಿತ್ತು. ಆದರೆ ಕ್ಷಯ ಅವಳನ್ನು ಬಿಡಲಿಲ್ಲ. 1887ರ ಫೆಬ್ರವರಿಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ಪುಣೆಯಲ್ಲಿ ತೀರಿಕೊಂಡಳು.

ಅವಳು ಮದರಾಸನ್ನೇ ಆರಿಸಿದ್ದರೆ ಬದುಕುತ್ತಿದ್ದಳೇನೋ ಎಂದು ಆ ರಾತ್ರಿ ನನಗನ್ನಿಸಿತು. ತಾಯಿಯ ಬುದ್ಧಿ ನೋಡಿ! ಇತಿಹಾಸ ಓದುವಾಗಲೂ ಮಗುವಿಗೆ ಶೀತವಾದೀತೇ ಎಂಬ ಯೋಚನೆಯೇ ಮೊದಲು.

ಆಮೇಲೆ ಬಾಗಿಲುಗಳು ನಿಧಾನವಾಗಿ ತೆರೆದುಕೊಂಡವು. ಲುಧಿಯಾನದಲ್ಲಿ 1894ರಲ್ಲಿ ಹೆಣ್ಣುಮಕ್ಕಳಿಗೆಂದೇ ವೈದ್ಯಶಾಲೆ ಶುರುವಾಯಿತು. ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜು 1916ರಲ್ಲಿ, ವೆಲ್ಲೂರಿನಲ್ಲಿ ಇಡಾ ಸ್ಕಡರ್ ಅವರ ಶಾಲೆ 1918ರಲ್ಲಿ ಬಂದವು. ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಹೋಯಿತು. ಅಲ್ಲಿಂದ ಬಹಳ ಕಾಲ ಸಂಸ್ಥಾನಕ್ಕೆಲ್ಲ ಅದೊಂದೇ. ಮಣಿಪಾಲದ ಕಾಲೇಜು 1953ರಲ್ಲಿ, ಬೆಂಗಳೂರಿನದು 1955ರಲ್ಲಿ, ಹುಬ್ಬಳ್ಳಿಯದು 1957ರಲ್ಲಿ, ದಾವಣಗೆರೆಯದು 1965ರಲ್ಲಿ ಆದವು.

ನಮ್ಮ ಜಿಲ್ಲೆಯ ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ಅನುಪಮಾ ನಿರಂಜನ ಅವರು ಡಾಕ್ಟರಾದದ್ದು ಕಾಲೇಜುಗಳನ್ನು ಬೆರಳಲ್ಲಿ ಎಣಿಸುವಂತಿದ್ದ ಆ ಕಾಲದಲ್ಲಿ. ಅವರ 'ತಾಯಿ ಮಗು' ಇಲ್ಲದ ಬಾಣಂತಿ ಕೋಣೆ ನಮ್ಮ ಕಡೆ ಅಪರೂಪವಾಗಿತ್ತು. ನನ್ನ ಹೆರಿಗೆಯ ಹೊತ್ತಿಗೆ ಅತ್ತಿಗೆಯ ಪ್ರತಿ ನನಗೆ ಬಂತು, ಆಮೇಲೆ ನನ್ನ ತಂಗಿಗೆ ಹೋಯಿತು. ಕನ್ನಡದಲ್ಲಿ ಮೈಯ ವಿಷಯವನ್ನು ನಾಚಿಕೆಯಿಲ್ಲದೆ, ಗೌರವ ಬಿಡದೆ ಹೇಳಬಹುದೆಂದು ನಮಗೆ ತೋರಿಸಿದವರಲ್ಲಿ ಅವರು ಮೊದಲಿನವರು.

ಇನ್ನೊಂದು ಸಂಗತಿ ಹೇಳಿದರೆ ನಿಮಗೆ ನಗು ಬಂದೀತು. ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಸ್ಥಾಪನೆಯಾದ ಮೇಲೆ ದಾವಣಗೆರೆಯ ವೈದ್ಯಕೀಯ ಕಾಲೇಜು ಅದರ ವ್ಯಾಪ್ತಿಗೆ ಬಂತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಆಗುವವರೆಗೂ ಹಾಗೆಯೇ ಇತ್ತು. ಅಂದರೆ ಎಷ್ಟೋ ಡಾಕ್ಟರುಗಳ ಪದವಿ ಪತ್ರಕ್ಕೆ ಮುದ್ರೆ ಬಿದ್ದದ್ದು ನಮ್ಮ ಶಂಕರಘಟ್ಟದಿಂದ. ಊರಿನಲ್ಲಿ ಜ್ವರ ಬಂದರೆ ಮಾತ್ರ ಭದ್ರಾವತಿಗೋ ಶಿವಮೊಗ್ಗಕ್ಕೋ ಬಸ್ಸು ಹತ್ತಬೇಕಿತ್ತು!

ಆ 1987ರಲ್ಲಿ ನನಗೆ ಹದಿನೇಳು. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿತ್ತು. ಆದರೆ ಪಿಯುಸಿಗೆ ಸೇರುವಾಗ ಅಪ್ಪ, "ಸೈನ್ಸ್ ತಗೊಂಡ್ರೆ ಮುಂದೆ ಎಲ್ಲಿಗೆ ಕಳಿಸೋದು? ಹಾಸ್ಟೆಲ್ ಎಲ್ಲ ನಮ್ಮಂಥೋರಿಗಲ್ಲ" ಎಂದಿದ್ದರು. ಕೆಟ್ಟ ಮಾತಾಡಿದವರಲ್ಲ, ಹೊಡೆದವರಲ್ಲ. ಆದರೆ ಆ ಒಂದು ಮಾತಿನಲ್ಲಿ ನನ್ನ ದಾರಿ ತಿರುಗಿತು. ಬಿ.ಎ. ಮಾಡಿದೆ, ಬಿ.ಎಡ್. ಮಾಡಿದೆ. ನನ್ನ ಕೆಲಸದ ಬಗ್ಗೆ ನನಗೆ ಬೇಸರವಿಲ್ಲ. ಆದರೂ ಆಸ್ಪತ್ರೆಗೆ ಹೋದಾಗಲೆಲ್ಲ ಬಿಳಿ ಕೋಟು ತೊಟ್ಟ ಹುಡುಗಿಯರನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡುತ್ತೇನೆ.

ಆದ್ದರಿಂದ ನಿಜ ಹೇಳಿಬಿಡುತ್ತೇನೆ. ನನಗೆ ಜಿಪ್ಮರ್ ಬೇಕಿತ್ತು. ಫ್ರೆಂಚರು 1823ರಲ್ಲಿ ಪಾಂಡಿಚೇರಿಯಲ್ಲಿ ತೆರೆದ ವೈದ್ಯಶಾಲೆ ಅದರ ಬೇರು. ಕೇಂದ್ರ ಸರ್ಕಾರದ ಸಂಸ್ಥೆ, ಶುಲ್ಕ ಕಡಿಮೆ, ಹೆಸರು ದೊಡ್ಡದು. ನಮ್ಮ ಯಜಮಾನರೂ ಅದನ್ನೇ ಅಂದರು. ಮಗಳು ಮಾತ್ರ ಸುಮ್ಮನಿದ್ದಳು. ಮೂರನೆಯ ದಿನ ರಾತ್ರಿ ಪಾತ್ರೆ ಒರೆಸುತ್ತಾ ಕೇಳಿದಳು: "ಅಮ್ಮಾ, ಕಾರೈಕಾಲಿನ ಕಾಲೇಜು ಶುರುವಾಗಿದ್ದು 2016ರಲ್ಲಿ. ಬೀದರಿಂದು ಅದಕ್ಕಿಂತ ಹಳೇದು, ಜಿಲ್ಲಾಸ್ಪತ್ರೇನೂ ಇದೆ. ನೀನು ಹೆಸರು ನೋಡ್ತಿದೀಯಾ, ಕಾಲೇಜು ನೋಡ್ತಿದೀಯಾ?"

ನಾನು ಉತ್ತರ ಕೊಡಲಿಲ್ಲ. ಅವಳೇ ಮುಂದುವರಿಸಿದಳು. "ಹೊಟ್ಟೆ ಎಲ್ಲಿ ನೋಯ್ತದೆ ಅಂತ ಪೇಷಂಟನ್ನ ಕೇಳೋಕೆ ನಂಗೆ ಭಾಷೆ ಬೇಕು. ತಮಿಳು ಕಲೀಬಹುದು. ಆದ್ರೆ ಮೊದಲ ದಿನದಿಂದ ಅರ್ಥ ಆಗ್ಬೇಕು ಅನ್ನೋ ಆಸೆ ನಂದು."

ಅವಳ ವಾದ ಪೂರ್ತಿ ಸರಿ ಎಂದು ನಾನು ಹೇಳಲಾರೆ. ಆದರೆ ಅದು ಅವಳದೇ ವಾದ. ನನ್ನ 1987ರ ಆಸೆಯನ್ನು ಅವಳ 2019ರ ಹೆಗಲಿಗೆ ಹೊರಿಸಿದರೆ ನಾನು ಅಪ್ಪನಿಗಿಂತ ಹೇಗೆ ಬೇರೆ? ಅವರು ಹೋಗಬೇಡ ಎಂದರು, ನಾನು ಇಲ್ಲಿಗೇ ಹೋಗು ಎನ್ನಲು ಹೊರಟಿದ್ದೆ. ಆನಂದಿಬಾಯಿಯ ಆಯ್ಕೆ ಅವಳನ್ನು ಉಳಿಸಲಿಲ್ಲ, ನಿಜ. ಆದರೆ ಆ ಸಭೆಯಲ್ಲಿ ಎದ್ದು ನಿಂತು ಕಾರಣ ಹೇಳಿದವಳು ಅವಳೇ ತಾನೆ? ಅಷ್ಟನ್ನಾದರೂ ನಾನು ಅರ್ಥ ಮಾಡಿಕೊಳ್ಳಬೇಕಿತ್ತು.

ಅಂಕಪಟ್ಟಿ ಬೀದರಿಗೆ ಹೋಯಿತು. ಬೆಂಗಳೂರಿಗೆ ಹೋಗಿ ಯಶವಂತಪುರದಲ್ಲಿ ರೈಲು ಹತ್ತಿದೆವು. ಬೆಳಗ್ಗೆ ಕಿಟಕಿ ತೆರೆದರೆ ಕೆಂಪು ನೆಲ. ಮಲೆನಾಡಿನ ಕಣ್ಣಿಗೆ ಮರವೇ ಕಾಣದಂಥ ಬಯಲು. ಹಾಸ್ಟೆಲಿನಲ್ಲಿ ಅವಳನ್ನು ಬಿಟ್ಟು ಬರುವಾಗ ಚಕ್ಕುಲಿ ಡಬ್ಬಿ ಕೈಗೆ ಕೊಟ್ಟೆ, ಉಪ್ಪಿನಕಾಯಿ ಭರಣಿ ನನ್ನ ಚೀಲದಲ್ಲೇ ಉಳಿದು ವಾಪಸು ಬಂತು.

ಎರಡು ವಾರ ಕಳೆದ ಮೇಲೆ ಫೋನು. "ಅಮ್ಮಾ, ಇಲ್ಲಿ ಅರ್ಧ ಜನ ಉರ್ದು ಮಾತಾಡ್ತಾರೆ. ಮರಾಠಿಯವರಿದಾರೆ, ತೆಲುಗಿನವರೂ ಇದಾರೆ. ಕನ್ನಡ ಮಾತಾಡೋರ ಕನ್ನಡವೇ ನಂಗೆ ಸರಿಯಾಗಿ ತಿಳೀತಿಲ್ಲ!" ನನಗೆ ನಗು ತಡೆಯಲಾಗಲಿಲ್ಲ. ಭಾಷೆಗೆಂದು ಬೀದರ್ ಆರಿಸಿದವಳು ಅಲ್ಲಿ ಮೂರು ಭಾಷೆ ಕಲಿಯಬೇಕಾಯಿತು. ಮುಂದಿನ ಮಾರ್ಚಿನಲ್ಲಿ ಕೊರೊನಾ ಬಂದು ಹಾಸ್ಟೆಲು ಖಾಲಿಯಾಯಿತು. ಮನೆಗೆ ಬಂದವಳು ಹಜಾರದಲ್ಲಿ ಕೂತು ಮೊಬೈಲಿನಲ್ಲಿ ಪಾಠ ಕೇಳಿದಳು. ಆ ದಿನಗಳಲ್ಲಿ ಯಾವ ಕಾಲೇಜು ದೊಡ್ಡದು ಎಂಬ ಪ್ರಶ್ನೆಯೇ ನಮ್ಮ ಮನೆಯಲ್ಲಿ ಏಳಲಿಲ್ಲ.

ಈಗ ಅವಳು ಡಾಕ್ಟರು. ರೋಗಿಗಳನ್ನು ಬೀದರಿನ ಉರ್ದುವಿನಲ್ಲಿ ಗದರಿಸುತ್ತಾಳಂತೆ. ಜಿಪ್ಮರ್ ಹೆಸರು ಪತ್ರಿಕೆಯಲ್ಲಿ ಕಂಡರೆ ಇಂದಿಗೂ ನನ್ನ ಕಣ್ಣು ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ, ಸುಳ್ಳು ಹೇಳಲಾರೆ. ನಮ್ಮ ಶಾಲೆಯ ಹತ್ತನೆಯ ತರಗತಿಯ ಹುಡುಗಿಯರು ಮುಂದೇನು ಓದಲಿ ಎಂದು ಕೇಳಲು ಬಂದಾಗ ನಾನೀಗ ಉತ್ತರ ಹೇಳುವುದಿಲ್ಲ. ಕುರ್ಚಿ ಎಳೆದು ಕೂರಿಸಿ, "ನಿನಗೇನು ಅನ್ನಿಸುತ್ತೆ, ಕಾರಣ ಹೇಳು" ಎನ್ನುತ್ತೇನೆ. ಮೊದಲು ತಲೆ ತಗ್ಗಿಸುತ್ತಾರೆ. ಸ್ವಲ್ಪ ಕಾದರೆ ಹೇಳುತ್ತಾರೆ.