ಒಂದೂ ಗುಂಡು ಹಾರಲಿಲ್ಲ, ಲೈಟ್‌ಹೌಸ್ ಖಾಲಿ: 1942ರ ಕ್ಯಾಸ್ಕೆಟ್ಸ್ ದಾಳಿ

ಎರಡನೇ ಮಹಾಯುದ್ಧದ ಸಮಯ. 1942ರ ಸೆಪ್ಟೆಂಬರ್ 2ರ ರಾತ್ರಿ ಇಂಗ್ಲಿಷ್ ಕಾಲುವೆಯ ಒಂದು ಲೈಟ್‌ಹೌಸ್‌ನಲ್ಲಿ ಏಳು ಜನ ಜರ್ಮನ್ ಸಿಬ್ಬಂದಿ ಇದ್ದರು. ಬೆಳಗಾಗುವಷ್ಟರಲ್ಲಿ ಅಲ್ಲಿ ಒಬ್ಬರೂ ಇರಲಿಲ್ಲ. ಬ್ರಿಟಿಷ್ ಕಮಾಂಡೋಗಳು ಅಷ್ಟೂ ಜನರನ್ನು ದೋಣಿ ಹತ್ತಿಸಿಕೊಂಡು ಹೋಗಿದ್ದರು. ಈ ಕಾರ್ಯಾಚರಣೆಯ ಹೆಸರು 'ಆಪರೇಷನ್ ಡ್ರೈಯಾಡ್'.

ಎಲ್ಲಿದೆ ಈ ಜಾಗ?

ಚಾನೆಲ್ ದ್ವೀಪಗಳ ಪೈಕಿ ಒಂದಾದ ಆಲ್ಡರ್ನಿಯಿಂದ ಸುಮಾರು 13 ಕಿ.ಮೀ. ದೂರದಲ್ಲಿ, ನಡುಸಮುದ್ರದಲ್ಲಿರುವ ಬಂಡೆಗಳ ಗುಂಪೇ ಕ್ಯಾಸ್ಕೆಟ್ಸ್. ಸುತ್ತ ಜೋರು ಸೆಳೆತ. ಹಡಗಿನವರಿಗೆ ಇದು ಹಿಂದಿನಿಂದಲೂ ಭಯದ ಜಾಗ. 1724ರಲ್ಲಿ ಇಲ್ಲಿ ಮೂರು ಗೋಪುರ ಕಟ್ಟಿ ದೀಪ ಹಚ್ಚಿದರು. ಬೇರೆ ಕಡೆಯ ದೀಪ ಅಂತ ನಾವಿಕರು ತಪ್ಪು ತಿಳಿಯಬಾರದು ಅನ್ನೋದಕ್ಕೇ ಮೂರು. ಆದರೂ 1899ರಲ್ಲಿ 'ಸ್ಟೆಲ್ಲಾ' ಎಂಬ ಪ್ರಯಾಣಿಕರ ಹಡಗು ಮಂಜಿನಲ್ಲಿ ಇದೇ ಬಂಡೆಗೆ ಬಡಿದು 100ಕ್ಕೂ ಹೆಚ್ಚು ಜನ ಸತ್ತರು.

ದಾಳಿ ಯಾಕೆ?

1940ರಲ್ಲಿ ಜರ್ಮನಿ ಚಾನೆಲ್ ದ್ವೀಪಗಳನ್ನು ಹಿಡಿಯಿತು. ಜೀವ ಉಳಿಸಲು ಕಟ್ಟಿದ ಲೈಟ್‌ಹೌಸ್ ಶತ್ರುವಿನ ವೈರ್‌ಲೆಸ್ ಠಾಣೆಯಾಯಿತು. ಬ್ರಿಟಿಷರಿಗೆ ಬೇಕಾಗಿದ್ದು ಗೋಪುರವಲ್ಲ. ಒಳಗಿದ್ದ ಜನ ಮತ್ತು ಕಾಗದಪತ್ರ.

ಆ ರಾತ್ರಿ ಆಗಿದ್ದೇನು?

ಹವಾಮಾನ ಕೈಕೊಟ್ಟು ಹಿಂದಿನ ಪ್ರಯತ್ನಗಳು ವಿಫಲವಾಗಿದ್ದವು. ಈ ಬಾರಿ ಮೇಜರ್ ಗಸ್ ಮಾರ್ಚ್-ಫಿಲಿಪ್ಸ್ ನೇತೃತ್ವದಲ್ಲಿ 12 ಜನ ಎಂಟಿಬಿ 344 ಎಂಬ ಟಾರ್ಪಿಡೊ ಬೋಟ್‌ನಲ್ಲಿ ಹೊರಟರು. ಅದನ್ನು ದೂರದಲ್ಲೇ ನಿಲ್ಲಿಸಿ, ಚಿಕ್ಕ ದೋಣಿಯಲ್ಲಿ ಹುಟ್ಟು ಹಾಕುತ್ತಾ ಬಂಡೆ ಸೇರಿದರು. ಅಲೆಯ ಸದ್ದಿನಲ್ಲಿ ಇವರ ಸದ್ದು ಕೇಳಲಿಲ್ಲ. ಮುಳ್ಳುತಂತಿ ದಾಟಿ ಒಳಗೆ ನುಗ್ಗಿದಾಗ ಜರ್ಮನ್ನರಲ್ಲಿ ಕೆಲವರು ಮಲಗುವ ಬಟ್ಟೆಯಲ್ಲೇ ಇದ್ದರು. ಗ್ರೆನೇಡ್‌ಗಳಿದ್ದರೂ ಕೈಗೆತ್ತಿಕೊಳ್ಳಲು ಪುರುಸೊತ್ತೇ ಸಿಗಲಿಲ್ಲ. ಎರಡೂ ಕಡೆ ಒಂದು ಗುಂಡೂ ಹಾರಲಿಲ್ಲ.

ಕಮಾಂಡೋಗಳು ವೈರ್‌ಲೆಸ್ ಯಂತ್ರ ಒಡೆದರು, ಆಯುಧಗಳನ್ನು ಸಮುದ್ರಕ್ಕೆ ಎಸೆದರು. ಸಂಕೇತ ಪುಸ್ತಕಗಳನ್ನು ತೆಗೆದುಕೊಂಡರು. 12 ಜನ ಬಂದಿದ್ದ ದೋಣಿಯಲ್ಲಿ ವಾಪಸ್ ಹೋಗುವಾಗ 19 ಜನ. ದೋಣಿ ಹತ್ತುವ ಗಡಿಬಿಡಿಯಲ್ಲಿ ಕ್ಯಾಪ್ಟನ್ ಜೆಫ್ರಿ ಆಪಲ್‌ಯಾರ್ಡ್ ಕಾಲಿಗೆ ಪೆಟ್ಟಾಯಿತು.

ಆಮೇಲೆ?

ಗೆಲುವಿನ ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಹತ್ತೇ ದಿನದಲ್ಲಿ, ಸೆಪ್ಟೆಂಬರ್ 12–13ರ ರಾತ್ರಿ, ಫ್ರಾನ್ಸ್‌ನ ನಾರ್ಮಂಡಿ ಕರಾವಳಿಯ ಇನ್ನೊಂದು ದಾಳಿಯಲ್ಲಿ ಮಾರ್ಚ್-ಫಿಲಿಪ್ಸ್ ಸತ್ತರು. ಆಪಲ್‌ಯಾರ್ಡ್ 1943ರ ಜುಲೈನಲ್ಲಿ ಸಿಸಿಲಿ ಕಾರ್ಯಾಚರಣೆಗೆ ಹೋದ ವಿಮಾನದೊಂದಿಗೆ ಕಣ್ಮರೆಯಾದರು. ಸೆರೆ ಸಿಕ್ಕ ಏಳು ಜನರಿಗೆ ಮಾತ್ರ ಆ ರಾತ್ರಿಗೇ ಕಾವಲು ಕೆಲಸ ಮುಗಿಯಿತು.

ಚಾನೆಲ್ ದ್ವೀಪಗಳು ಬಿಡುಗಡೆಯಾಗಿದ್ದು 1945ರ ಮೇ ತಿಂಗಳಲ್ಲಿ. ಕ್ಯಾಸ್ಕೆಟ್ಸ್ ದೀಪ ಈಗಲೂ ಹಡಗುಗಳಿಗೆ ದಾರಿ ತೋರಿಸುತ್ತಿದೆ. 1990ರಲ್ಲಿ ಅದು ಸ್ವಯಂಚಾಲಿತವಾದ ಮೇಲೆ ಅಲ್ಲಿ ರಾತ್ರಿ ಕಾವಲಿಗೆ ಯಾರೂ ಇರುವುದಿಲ್ಲ.