ಕರಿಮೆಣಸಿನ ಘಮಲು ಹೊತ್ತ ಗುಡ್ಡ

ಫ್ರಾನ್ಸಿನ ರೋನ್ ನದಿ ಲಿಯಾನ್ ದಾಟಿ ದಕ್ಷಿಣಕ್ಕೆ ಹರಿಯುವಾಗ ತ್ಯಾಂ ಎಂಬ ಊರಿನ ಬಳಿ ಒಂದು ಗುಡ್ಡದ ಬುಡವನ್ನು ಸವರಿಕೊಂಡು ಹೋಗುತ್ತದೆ. ಅದೇ ಎರ್ಮಿಟಾಜ್. ದಕ್ಷಿಣದ ಬಿಸಿಲಿಗೆ ಮೈಯೊಡ್ಡಿದ ಇಳಿಜಾರು, ಕಲ್ಲು ಪೇರಿಸಿದ ಕಟ್ಟೆಗಳು, ನೆತ್ತಿಯ ಮೇಲೊಂದು ಪುಟ್ಟ ಪ್ರಾರ್ಥನಾ ಮಂದಿರ. ದ್ರಾಕ್ಷಿ ತೋಟವೆಲ್ಲ ಸೇರಿದರೂ ಸುಮಾರು 335 ಎಕರೆ, ಅಷ್ಟೆ. ಕಡಿದಾದ ಕಡೆಗಳಲ್ಲಿ ಟ್ರಾಕ್ಟರ್ ಹತ್ತುವುದಿಲ್ಲ, ಎಲ್ಲವೂ ಕೈಕೆಲಸ. ಜೋರು ಮಳೆಗೆ ಮಣ್ಣು ಕೆಳಗೆ ಜಾರಿದರೆ ಅದನ್ನೇ ಹೊತ್ತು ಮತ್ತೆ ಮೇಲಕ್ಕೆ ಸುರಿಯಬೇಕು. ಸಿರಾ ದ್ರಾಕ್ಷಿಗೆ ಕೀರ್ತಿ ತಂದುಕೊಟ್ಟದ್ದು ಈ ಬೆವರೇ.

ಗುಡ್ಡಕ್ಕೊಂದು ಸ್ಥಳಪುರಾಣವಿದೆ. ಗಾಸ್ಪಾರ್ ದ ಸ್ಟೆರಿಂಬೆರ್ಗ್ ಎಂಬ ಯೋಧ ಧರ್ಮಯುದ್ಧದಲ್ಲಿ ಗಾಯಗೊಂಡು, ರಕ್ತಪಾತಕ್ಕೆ ಬೇಸತ್ತು, 1224ರಲ್ಲಿ ಇಲ್ಲಿ ಸನ್ಯಾಸಿಯಾಗಿ ನೆಲೆಸಿದನಂತೆ. ಎರ್ಮಿಟಾಜ್ ಎಂದರೆ ಸನ್ಯಾಸಿಯ ಆಶ್ರಮ. ಪರ್ಷಿಯಾದ ಶಿರಾಜ್ ಪಟ್ಟಣದಿಂದ ಅವನೇ ಬಳ್ಳಿ ತಂದನೆಂದು ಕೆಲವರು ಕಥೆಯನ್ನು ಇನ್ನಷ್ಟು ಬೆಳೆಸಿದರು. 1998ರ ಡಿಎನ್‌ಎ ಪರೀಕ್ಷೆ ಆ ಮಾತಿಗೆ ತೆರೆ ಎಳೆಯಿತು. ಸಿರಾದ ತಾಯಿ ಸವೋಯ್ ಸೀಮೆಯ ಬಿಳಿ ದ್ರಾಕ್ಷಿ ಮೊಂಡೂಸ್ ಬ್ಲಾಂಶ್. ತಂದೆ ಆರ್ದೆಶ್ ಸೀಮೆಯ ಕಪ್ಪು ದ್ರಾಕ್ಷಿ ದ್ಯುರೇಜ. ಎರಡೂ ರೋನ್ ಕಣಿವೆಯ ಆಸುಪಾಸಿನವೇ. ಯಾರೂ ಕೇಳಿರದ ಎರಡು ಬಳ್ಳಿಗಳಿಗೆ ಹುಟ್ಟಿದ ಕೂಸು ಇದು ಎನ್ನುವುದು ಪರ್ಷಿಯಾದ ಕಥೆಗಿಂತ ದೊಡ್ಡ ಸೋಜಿಗ.

ಆದರೂ ಎರ್ಮಿಟಾಜ್ ವೈನ್ ಬಹುಕಾಲ ಬೇರೆಯವರ ಹೆಸರಿಗೆ ದುಡಿಯಿತು. ಬೋರ್ಡೋ ವೈನ್ ಕೆಲವು ವರ್ಷ ತೆಳ್ಳಗಾಗುತ್ತಿತ್ತು. ಆಗ ವರ್ತಕರು ಪೀಪಾಯಿಗೆ ಎರ್ಮಿಟಾಜ್ ಬೆರೆಸಿ ಬಣ್ಣ, ಕಸುವು ತುಂಬುತ್ತಿದ್ದರು. ಅದು ಕದ್ದುಮುಚ್ಚಿ ನಡೆದ ಕೆಲಸವೂ ಅಲ್ಲ; ಆ ರೂಢಿಗೆ ‘ಎರ್ಮಿಟಾಜೆ’ ಎಂಬ ಹೆಸರೇ ಇತ್ತು. ಬೋರ್ಡೋದ 1795ರ ಲಫೀಟ್ ವೈನಿಗೂ ಹೀಗೆ ಬೆರೆಸಿದ್ದರು, ಗಿರಾಕಿಗಳು ಅದನ್ನು ಮೆಚ್ಚಿಯೂ ಇದ್ದರು. ಇಂದು ನಂದಿಬೆಟ್ಟದ ಬುಡದ ಗ್ರೋವರ್ ತೋಟದ ‘ಲಾ ರಿಸರ್ವ್’ ಬಾಟಲಿಯಲ್ಲಿ ಬೋರ್ಡೋದ ಕ್ಯಾಬರ್ನೆ ಸೊವಿನ್ಯೋನ್ ಜೊತೆ ಶಿರಾಜ್, ಅಂದರೆ ಇದೇ ಸಿರಾ, ಬೆರೆತಿರುವುದು ಅದೇ ಹಳೆಯ ನಂಟು.

1831ರಲ್ಲಿ ಜೇಮ್ಸ್ ಬಸ್ಬಿ ಎಂಬಾತ ಯುರೋಪಿನ ತೋಟಗಳಲ್ಲಿ ಅಲೆದು ಕಡ್ಡಿಗಳನ್ನು ಕೂಡಿಹಾಕಿ ಆಸ್ಟ್ರೇಲಿಯಾಕ್ಕೆ ಕಳುಹಿಸಿದ. ಸಿರಾ ಅಲ್ಲಿ ಶಿರಾಜ್ ಆಯಿತು. ಫ್ರಾನ್ಸಿನ ತೋಟಗಳನ್ನು ಬೇರುಹೇನು ನುಂಗಿಹಾಕಿದಾಗಲೂ ದಕ್ಷಿಣ ಆಸ್ಟ್ರೇಲಿಯಾಕ್ಕೆ ಆ ಪಿಡುಗು ತಟ್ಟಲಿಲ್ಲ. ಅಲ್ಲಿನ ಬರೋಸಾ ಕಣಿವೆಯಲ್ಲಿ 1843ರಲ್ಲಿ ನೆಟ್ಟ ಬಳ್ಳಿಗಳು ತೊಡೆಗಾತ್ರದ ಬೊಡ್ಡೆ ಹೊತ್ತು ಇಂದಿಗೂ ಕಾಯಿ ಬಿಡುತ್ತಿವೆ. ಆದರೆ ಬಹುಪಾಲು ಹಣ್ಣು ಹೋಗುತ್ತಿದ್ದದ್ದು ಸಿಹಿ ಮದ್ಯಕ್ಕೆ. ಪೆನ್‌ಫೋಲ್ಡ್ಸ್ ವೈನ್ ಕಂಪನಿಯ ಮ್ಯಾಕ್ಸ್ ಶುಬರ್ಟ್ 1951ರಲ್ಲಿ ದಶಕಗಟ್ಟಲೆ ಬಾಳುವ ಶಿರಾಜ್ ಮಾಡಹೊರಟರು. 1957ರಲ್ಲಿ ಮೇಲಿನವರು ನಿಲ್ಲಿಸಲು ಹೇಳಿದರು. ಶುಬರ್ಟ್ ಮೂರು ವರ್ಷ ಗುಟ್ಟಾಗಿ ಮಾಡಿ ನೆಲಮಾಳಿಗೆಯಲ್ಲಿ ಬಚ್ಚಿಟ್ಟರು. 1960ರಲ್ಲಿ ಒಪ್ಪಿಗೆ ಮರಳಿ ಸಿಕ್ಕಿತು. ಆ ವೈನಿಗೆ ಅವರಿಟ್ಟ ಹೆಸರು ಗ್ರೇಂಜ್ ಎರ್ಮಿಟಾಜ್.

ಬರೋಸಾದ ಶಿರಾಜ್ ದಟ್ಟ; ಹಣ್ಣಿನ ಪಾಕ, ಚಾಕೊಲೇಟ್ ನೆನಪಾಗುತ್ತದೆ. ಎರ್ಮಿಟಾಜ್ ಎಳೆಯದಿದ್ದಾಗ ಬಿಗುವಿನದು, ಒಗರಿನದು. ಹತ್ತು ಹದಿನೈದು ವರ್ಷ ಕಾದವರಿಗೆ ಮಾತ್ರ ಒಲಿಯುತ್ತದೆ. ಅದೇ ನದಿಯ ದಂಡೆಯಲ್ಲಿ ಇನ್ನೂ ಉತ್ತರಕ್ಕಿರುವ ಕೋಟ್ ರೋಟಿಯಲ್ಲಿ ಹಲವರು ಬಿಳಿಯ ವಿಯೋನಿಯೇ ಹಣ್ಣನ್ನೂ ಜೊತೆಗೇ ಹುದುಗು ಹಾಕುವುದರಿಂದ ಹೂವಿನ ಪರಿಮಳ ಏಳುತ್ತದೆ.

ತಂಪು ಜಾಗದ ಸಿರಾ ಎಲ್ಲಿಯದಾದರೂ ಅದರಲ್ಲೊಂದು ಖಾರದ ಎಳೆ ಇಣುಕುತ್ತದೆ. ಅದಕ್ಕೆ ಕಾರಣ ರೊಟಂಡೋನ್ ಎಂಬ ವಸ್ತು ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಕರಿಮೆಣಸಿನ ಘಮಲಿಗೂ ಕಾರಣ ಅದೇ. ಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ನಾಡಿನವರಿಗೆ ಈ ವಾಸನೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ನಾಲ್ಕು ಕಾಳು ಮೆಣಸನ್ನು ಕಲ್ಲಿನಲ್ಲಿ ಜಜ್ಜಿ ಮೂಸಿ, ಆಮೇಲೆ ಲೋಟಕ್ಕೆ ಮೂಗು ಹಿಡಿದರೆ ಸಾಕು. ಲೀಟರಿಗೆ 16 ನ್ಯಾನೋಗ್ರಾಂ ಇದ್ದರೂ ಕೆಂಪು ವೈನಿನಲ್ಲಿ ಅದು ಮೂಗಿಗೆ ಬಡಿಯುತ್ತದೆ. ಆದರೆ ಐವರಲ್ಲಿ ಒಬ್ಬರಿಗೆ ಈ ವಾಸನೆ ಹತ್ತುವುದೇ ಇಲ್ಲ. ಒಂದೇ ಬಾಟಲಿ ಹಂಚಿಕೊಂಡು ಕೂತ ಇಬ್ಬರಲ್ಲಿ ಒಬ್ಬರು ಮೆಣಸು ಎನ್ನುತ್ತಾರೆ, ಇನ್ನೊಬ್ಬರು ಬರೀ ಹಣ್ಣು ಎನ್ನುತ್ತಾರೆ, ಇಬ್ಬರದೂ ನಿಜ.