ಮೋಜಣಿಯ ಹೊರೆ: ಉಪ್ಪುಂದ ಸೀಮೆಯಲ್ಲಿ ಸರಪಳಿಯಿಂದ ಲೇಸರಿನವರೆಗೆ

ಉಪ್ಪುಂದ, ಬೈಂದೂರು, ಶಿರೂರಿನ ಜಮೀನಿಗೆ ಲೆಕ್ಕ ಸೆಂಟ್ಸಿನಲ್ಲಿ. ಶಿರೂರು ದಾಟಿ ಭಟ್ಕಳಕ್ಕೆ ಕಾಲಿಟ್ಟರೆ ಗುಂಟೆಯಲ್ಲಿ. ನಡುವೆ ಇರುವುದು ಕೆಲವೇ ಮೈಲಿ; ವ್ಯತ್ಯಾಸದ ಬೇರು ಇತಿಹಾಸದಲ್ಲಿದೆ. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ, ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರ್ ಆದ. 1862ರಲ್ಲಿ ಉತ್ತರ ಕೆನರಾವನ್ನು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದಾಗ ಕುಂದಾಪುರ ತಾಲೂಕನ್ನು ಮಾತ್ರ ಮದ್ರಾಸಿನಲ್ಲೇ ಉಳಿಸಿಕೊಂಡರು. ಹೀಗಾಗಿ ಉಪ್ಪುಂದದ ಗದ್ದೆಗಳು ಮದ್ರಾಸಿನ ಪದ್ಧತಿಯಲ್ಲಿ ಅಳತೆಗೆ ಸಿಕ್ಕವು.

ಆ ಪದ್ಧತಿಯ ಮುಖ್ಯ ಸಾಧನ ಗುಂಟರ್ ಸರಪಳಿ. ಉದ್ದ 66 ಅಡಿ, ಕೊಂಡಿಗಳು 100. ಒಂದು ಚದರ ಸರಪಳಿಗೆ ಹತ್ತು ಸೆಂಟ್ಸ್, ಹತ್ತು ಚದರ ಸರಪಳಿಗೆ ಒಂದು ಎಕರೆ. ಒಂದು ಸೆಂಟ್ಸ್ ಎಂದರೆ ಸಾವಿರ ಚದರ ಕೊಂಡಿ. ಲೆಕ್ಕವೆಲ್ಲ ಹತ್ತರ ಗುಣಕದಲ್ಲಿ ಮುಗಿಯುತ್ತಿತ್ತು. ಬೈಲು, ಮಜಲು, ಬೆಟ್ಟು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ನೆಲದಲ್ಲಿ ಸರಪಳಿಯನ್ನು ಸಮತಟ್ಟಾಗಿ ಎಳೆದು ಹಿಡಿಯುವುದೇ ಕಷ್ಟದ ಕೆಲಸ. ವರ್ಗ (ಪಟ್ಟಾ) ಜಮೀನಿನ ಅಂಚಿನಿಂದ 100 ಗಜದೊಳಗಿನ ಸರಕಾರಿ ನೆಲದಿಂದ ಸೊಪ್ಪು, ಸೌದೆ ತರುವ ಕುಮ್ಕಿ ಹಕ್ಕು ಇದ್ದುದರಿಂದ, ಹಾಡಿ-ಗುಡ್ಡಗಳಲ್ಲೂ ಅಳತೆ ತಪ್ಪುವಂತಿರಲಿಲ್ಲ. ಪ್ರತಿ ಸರ್ವೆ ನಂಬರಿನ ಕರ್ಣರೇಖೆಗಳನ್ನೂ ಅವುಗಳಿಂದ ಗಡಿಗೆ ಇಟ್ಟ ಲಂಬದ ದೂರಗಳನ್ನೂ ಎಫ್‌ಎಂಬಿ (ಫೀಲ್ಡ್ ಮೆಷರ್‌ಮೆಂಟ್ ಬುಕ್) ಎಂಬ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಇಂದಿಗೂ ತಕರಾರು ಬಂದರೆ ಮೊದಲು ತೆಗೆಯುವ ಕಾಗದ ಅದೇ. ಸರಪಳಿಗೆ ಬೇಕಾದದ್ದು ಇಬ್ಬರು ಆಳು, ಹಗಲಿನ ಬೆಳಕು, ಮಳೆ ಇಲ್ಲದ ತಿಂಗಳುಗಳು. ಇಂಧನದ ಮಾತೇ ಇರಲಿಲ್ಲ.

ದೇಶವನ್ನೇ ಅಳೆದ ದೊಡ್ಡ ಭೂಮಾಪನದ ಕಥೆ ಬೇರೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆ ಅಳೆದು, ತ್ರಿಕೋನಗಳ ಸಾಲನ್ನು ಬೆಂಗಳೂರಿನ ಮೂಲಕ ಮಂಗಳೂರಿಗೆ ಒಯ್ದ. ಎರಡು ಕರಾವಳಿಗಳ ನಡುವಿನ ದೂರ ಸುಮಾರು 360 ಮೈಲಿ ಎಂದು ತಿಳಿದುಬಂತು. ಹಳೆಯ ನಕ್ಷೆಗಳಲ್ಲಿ ಅದು 40 ಮೈಲಿಯಷ್ಟು ಹೆಚ್ಚಿತ್ತು. ಅವನ ಥಿಯೊಡೊಲೈಟಿನ ಭಾರ ಅರ್ಧ ಟನ್. ಅದಕ್ಕಿಂತ ಹೆಚ್ಚು ಕಾಡಿದ್ದು ಬೆಳಕು. ಹತ್ತಾರು ಮೈಲಿ ದೂರದ ಬೆಟ್ಟದ ನೆತ್ತಿ ಬಿಸಿಲ ಮಬ್ಬಿನಲ್ಲಿ ಕಾಣದಾಗ ರಾತ್ರಿಯಲ್ಲಿ ನೀಲಿ ಬೆಳಕಿನ ಮದ್ದು ಸುಡಬೇಕಾಗುತ್ತಿತ್ತು. ಮುಂದೆ ಆ ಕೆಲಸ ವಹಿಸಿಕೊಂಡ ಜಾರ್ಜ್ ಎವರೆಸ್ಟ್ ಹಗಲಿಗೆ ಬಿಸಿಲನ್ನು ಪ್ರತಿಫಲಿಸುವ ಕನ್ನಡಿ, ರಾತ್ರಿಗೆ ಎಣ್ಣೆ ದೀಪ ಬಳಸಿದ. ಎಣ್ಣೆ ಮುಗಿದರೆ ಕೋನವೂ ಸಿಗದು. ಅಳತೆಯ ಶಕ್ತಿಯನ್ನು ಹೆಗಲ ಮೇಲೆ ಬೆಟ್ಟಕ್ಕೆ ಹೊತ್ತೊಯ್ಯುವ ಪಾಡು ಹೀಗೆ ವಿದ್ಯುತ್ತಿಗಿಂತ ಹಳೆಯದು.

ಅಳತೆಗೆ ವಿದ್ಯುತ್ತು ಬಂದದ್ದು ಇಪ್ಪತ್ತನೇ ಶತಮಾನದ ನಡುವಿನಲ್ಲಿ. ಬೆಳಕಿನ ವೇಗದಿಂದ ದೂರ ಅಳೆಯುವ ಸ್ವೀಡನ್ನಿನ ಜಿಯೋಡಿಮೀಟರ್ 1950ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಮೈಕ್ರೋವೇವ್ ಬಳಸುವ ಟೆಲ್ಯುರೋಮೀಟರನ್ನು ದಕ್ಷಿಣ ಆಫ್ರಿಕಾದ ಟ್ರೆವರ್ ವಾಡ್ಲಿ ಅದೇ ದಶಕದಲ್ಲಿ ರೂಪಿಸಿದ. ಮೊದಲಿನದಕ್ಕೆ ಜನರೇಟರು, ಎರಡನೆಯದಕ್ಕೆ ಕಾರಿನ ಬ್ಯಾಟರಿ. ಅವಗೆಂಪು ಕಿರಣದ ಸಣ್ಣ ದೂರಮಾಪಕಗಳು 1960ರ ದಶಕದ ಕೊನೆಗೆ ಬಂದವು. ಕೋನ ಮತ್ತು ದೂರವನ್ನು ಒಟ್ಟಿಗೆ ಅಳೆಯುವ ಟೋಟಲ್ ಸ್ಟೇಷನ್ ಬಂದ ಮೇಲೆ ಬ್ಯಾಟರಿ ಕ್ರಮೇಣ ಯಂತ್ರದ ಪಕ್ಕೆಯಲ್ಲೇ ಅಡಗಿತು.

ಲೇಸರ್ ಸ್ಕ್ಯಾನರು ಆ ನೆಮ್ಮದಿಯನ್ನು ಮತ್ತೆ ಕೆಡಿಸಿತು. ಟೋಟಲ್ ಸ್ಟೇಷನ್ ಒಂದೊಂದೇ ಬಿಂದು ಅಳೆಯುತ್ತದೆ. ಸ್ಕ್ಯಾನರು ಕನ್ನಡಿ ತಿರುಗಿಸುತ್ತ ಸೆಕೆಂಡಿಗೆ ಸಾವಿರಾರು, ಈಗೀಗ ಲಕ್ಷಾಂತರ ಬಿಂದುಗಳನ್ನು ದಾಖಲಿಸುತ್ತದೆ. ಮೋಟಾರು, ಲೇಸರು, ಗಣಕ ಮೂರಕ್ಕೂ ಶಕ್ತಿ ಬೇಕು. 1998ರ ಹೊತ್ತಿನ ಸೈರಾಕ್ಸ್ ಸ್ಕ್ಯಾನರುಗಳ ಬ್ಯಾಟರಿ ಬೇರೆಯೇ ಪೆಟ್ಟಿಗೆಯಲ್ಲಿತ್ತು. 2010ರಲ್ಲಿ ಬಂದ ಫಾರೋ ಫೋಕಸ್ ಸುಮಾರು 5 ಕಿಲೋ ತೂಗುತ್ತಿತ್ತು, ಬ್ಯಾಟರಿ ಒಳಗೇ ಇತ್ತು. ಈ ಬದಲಾವಣೆಯ ಹಿಂದಿದ್ದದ್ದು ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಕೋಶ. ಕರ್ನಾಟಕದಲ್ಲಿ ಹಂಪಿಯ ಸ್ಮಾರಕಗಳನ್ನು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಜಿಟಲ್ ಪರಂಪರೆ ಯೋಜನೆಯಲ್ಲಿ ಹೀಗೆ ದಾಖಲಿಸಲಾಗಿದೆ. ಹಳ್ಳಿಗಳ ಮಟ್ಟಿಗೆ 2020ರ ಸ್ವಾಮಿತ್ವ ಯೋಜನೆ ಡ್ರೋನ್ ಸಮೀಕ್ಷೆಯನ್ನು ತಂದಿತು.

ಬ್ಯಾಟರಿ ಆಯ್ಕೆಯ ಲೆಕ್ಕ ಸರಳ. 50 ವ್ಯಾಟ್ ನುಂಗುವ ಸ್ಕ್ಯಾನರು ಎಂಟು ಗಂಟೆ ನಡೆಯಬೇಕಾದರೆ 400 ವ್ಯಾಟ್-ಗಂಟೆ ಬೇಕು. ಸೀಸ-ಆಮ್ಲ ಬ್ಯಾಟರಿ ಬಾಳಬೇಕಾದರೆ ಅದರ ಅರ್ಧವನ್ನಷ್ಟೇ ಬಳಸಬೇಕು. ಕಿಲೋಗೆ ಸುಮಾರು 35 ವ್ಯಾಟ್-ಗಂಟೆಯಂತೆ ಅದು 20 ಕಿಲೋ ದಾಟುತ್ತದೆ. ಲಿಥಿಯಂ ಕಟ್ಟು ಮೂರು-ನಾಲ್ಕು ಕಿಲೋದಲ್ಲಿ ಅದೇ ಕೆಲಸ ಮಾಡುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ತುಸು ಭಾರ, ಆದರೆ ಕಾವಿಗೆ ಹೆಚ್ಚು ಸುರಕ್ಷಿತ, ಹೆಚ್ಚು ಸಲ ಚಾರ್ಜ್ ಆಗುತ್ತದೆ. ಜೀಪು ಹೋಗುವ ಹೆದ್ದಾರಿ ಬದಿಗೆ ಸೀಸದ ಬ್ಯಾಟರಿಯೂ ಸಾಕು; ಕೊಡಚಾದ್ರಿ ತಪ್ಪಲಿಗೆ ಹತ್ತುವುದಾದರೆ ಅದು ಶಿಕ್ಷೆಯೇ ಸರಿ. ವಿಮಾನದಲ್ಲಿ ಬರುವ ತಂಡಗಳಿಗೆ ಇನ್ನೊಂದು ಕಟ್ಟಳೆ: 100 ವ್ಯಾಟ್-ಗಂಟೆ ಮೀರಿದ ಬಿಡಿ ಲಿಥಿಯಂ ಬ್ಯಾಟರಿಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, 160 ದಾಟಿದ್ದನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಆದ್ದರಿಂದ ದೊಡ್ಡದೊಂದರ ಬದಲು ಸಣ್ಣವು ಹಲವು.

ಕಡಲ ಬದಿಯಲ್ಲಿ ಬ್ಯಾಟರಿಯ ಶತ್ರು ಚಳಿಯಲ್ಲ, ಉಪ್ಪುಗಾಳಿ. ಅದು ಸಂಪರ್ಕದ ತುದಿಗಳನ್ನು ತಿನ್ನುತ್ತದೆ. ಬಳಸಿದ ಮೇಲೆ ಒರೆಸಿ, ಮುಚ್ಚಳವಿರುವ ಜೋಡಣೆಗಳನ್ನೇ ಆರಿಸಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಅಳತೆ ಬಹುತೇಕ ನಿಂತಾಗ ಬ್ಯಾಟರಿ ಸುಮ್ಮನೆ ಬಿದ್ದಿರುತ್ತದೆ. ಖಾಲಿಯಾಗಿ ಬಿದ್ದ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಅದನ್ನು ತುಂಬಿಸಿಟ್ಟು ಆಗಾಗ ಚಾರ್ಜ್ ಮಾಡಬೇಕು. ಲಿಥಿಯಮ್ಮಿಗೆ ತದ್ವಿರುದ್ಧ: ಅರ್ಧ ಚಾರ್ಜಿನಲ್ಲಿ, ಒಣ, ತಂಪು ಜಾಗದಲ್ಲಿಟ್ಟರೆ ಅದು ಬಾಳುತ್ತದೆ.